ಹಾಡು ಉಳಿಯಬೇಕಾದರೆ ಫೋಲ್ಡರ್ ಉಳಿಯಬೇಕು: ವಯನಾಡಿನ ಮನೆ ರೆಕಾರ್ಡಿಂಗ್ ಕಲಿಸುವ ಪಾಠ

2024ರ ಜುಲೈ 30ರ ನಸುಕಿನಲ್ಲಿ ವಯನಾಡ್ ಜಿಲ್ಲೆಯ ಮೇಪ್ಪಾಡಿ ಪಂಚಾಯತ್‌ನ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಪ್ರದೇಶಗಳ ಮೇಲೆ ಗುಡ್ಡ ಕುಸಿಯಿತು. ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. ಮನೆಗಳ ಜೊತೆ ಮನೆಯೊಳಗಿದ್ದುದೆಲ್ಲ ಮಣ್ಣಿನಡಿ ಸೇರಿತು. ಮದುವೆಯ ಆಲ್ಬಂ, ಮಕ್ಕಳ ಸರ್ಟಿಫಿಕೇಟ್, ಮೊಬೈಲ್, ಕಂಪ್ಯೂಟರ್ ಎಲ್ಲವೂ. ಸರ್ಟಿಫಿಕೇಟಿಗೆ ನಕಲು ಸಿಗುತ್ತದೆ, ಮೊಬೈಲ್ ಇನ್ನೊಂದು ಬರುತ್ತದೆ. ಆದರೆ ಒಂದು ಮೊಬೈಲಿನೊಳಗೆ ಮಾತ್ರ ಇದ್ದ ಮರ್ಹೂಂ ವಲ್ಯುಮ್ಮಳ ಧ್ವನಿಗೆ ನಕಲು ಕೊಡುವ ಕಚೇರಿ ಯಾವುದೂ ಇಲ್ಲ.

ಹಾಗಂತ ಧ್ವನಿಗಳು ಕಳೆದುಹೋಗಲು ಗುಡ್ಡವೇ ಕುಸಿಯಬೇಕು ಅಂತಿಲ್ಲ. ಯಾವ ದುರಂತವೂ ಇಲ್ಲದೆ ದಿನನಿತ್ಯದ ಅವ್ಯವಸ್ಥೆಯಲ್ಲೇ ಕಳೆದುಹೋಗುವ ರೆಕಾರ್ಡಿಂಗ್‌ಗಳೂ ಬಹಳ. "ಡೌನ್‌ಲೋಡ್ ಫೋಲ್ಡರಿನಲ್ಲಿತ್ತು, ಜಾಗ ಸಾಲದೆ ಡಿಲೀಟ್ ಮಾಡಿದೆ", "ಪ್ರಾಜೆಕ್ಟ್ ಓಪನ್ ಆಗ್ತದೆ, ಆದ್ರೆ ಹಾಡು ಕೇಳೋದಿಲ್ಲ" ಎಂಬ ಮಾತು ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವ ಹುಡುಗರ ಬಾಯಲ್ಲಿ ಸಾಮಾನ್ಯ. ಒಳ್ಳೆಯ ಮೈಕ್ ಯಾವುದು, ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ರೆಕಾರ್ಡ್ ಮಾಡಿದ್ದನ್ನು ಎಲ್ಲಿ, ಹೇಗೆ ಇಡಬೇಕು ಅಂತ ಕೇಳುವವರು ಕಡಿಮೆ.

ವಯನಾಡಿನ ಮನೆಗಳಲ್ಲಿ ಏನು ರೆಕಾರ್ಡ್ ಆಗುತ್ತದೆ?

2011ರ ಜನಗಣತಿ ಪ್ರಕಾರ ವಯನಾಡ್ ಜಿಲ್ಲೆಯ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 28ಕ್ಕಿಂತ ಹೆಚ್ಚು, ಆದಿವಾಸಿಗಳು ಸುಮಾರು ಶೇ. 18. ಎರಡೂ ಸಮುದಾಯಗಳಲ್ಲಿ ಹಾಡು ಪುಸ್ತಕಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ದಾಟಿ ಬಂದಿದೆ. ಮಾಪಿಳ್ಳೆ ಮನೆಗಳಲ್ಲಿ ಮದುವೆಯ ಒಪ್ಪನ, ಮೈಲಾಂಜಿ ಹಾಡು, ಮೀಲಾದ್ ಸಮಯದ ಮದ್‌ಹ್ ಹಾಡು, ದಫ್ ಮುಟ್ಟ್, ಕೋಲ್ಕಳಿ ಇವೆ. ಕೇರಳದ ಶಾಲಾ ಕಲೋತ್ಸವದಲ್ಲಿ ಮಾಪಿಳ್ಳಪ್ಪಾಟ್ಟ್, ಒಪ್ಪನ, ದಫ್ ಮುಟ್ಟ್, ಅರಬನ ಮುಟ್ಟ್, ಕೋಲ್ಕಳಿ, ವಟ್ಟಪ್ಪಾಟ್ಟ್ ಸ್ಪರ್ಧೆಯ ವಿಭಾಗಗಳೇ ಆಗಿವೆ. ಹಾಗಾಗಿ ಅಭ್ಯಾಸಕ್ಕಾಗಿ ಮಕ್ಕಳು ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ.

ಪಣಿಯ, ಅಡಿಯ, ಕುರಿಚ್ಯ, ಕಾಟ್ಟುನಾಯ್ಕ ಸಮುದಾಯಗಳಿಗೂ ತಮ್ಮದೇ ಮಾತು, ತಮ್ಮದೇ ಹಾಡುಗಳಿವೆ. ಕಾಟ್ಟುನಾಯ್ಕರ ಮಾತಂತೂ ಕನ್ನಡಕ್ಕೆ ಬಹಳ ಹತ್ತಿರ. ಮಾನಂದವಾಡಿ ಬಳಿಯ ದ್ವಾರಕದಿಂದ 2009ರಲ್ಲಿ ಪ್ರಸಾರ ಆರಂಭಿಸಿದ ಸಮುದಾಯ ಬಾನುಲಿ 'ರೇಡಿಯೊ ಮಾಟ್ಟೊಲಿ' ಆದಿವಾಸಿ ಭಾಷೆಗಳಲ್ಲೂ ಕಾರ್ಯಕ್ರಮ ಕೊಡುತ್ತಾ ಬಂದಿದೆ. ಸ್ಥಳೀಯ ಧ್ವನಿಗೆ ಬೆಲೆ ಇದೆ ಎಂಬುದಕ್ಕೆ ಇದೇ ಸಾಕ್ಷಿ.

ಕುಟ್ಟ ದಾಟಿದರೆ ಕೊಡಗು, ಬಾವಲಿ ದಾಟಿದರೆ ಮೈಸೂರು ಜಿಲ್ಲೆ, ಮುತ್ತಂಗ ದಾಟಿದರೆ ಗುಂಡ್ಲುಪೇಟೆ. ಅತ್ತ ಮೈಲಾಂಜಿ ಅಂದರೆ ಇತ್ತ ಬ್ಯಾರಿ ಮನೆಗಳಲ್ಲಿ ಮೊಯ್ಲಾಂಜಿ. ಹಾಡಿನ ಧಾಟಿ ಬೇರೆ ಇರಬಹುದು, ಹಾಡುವ ಅಜ್ಜಿಯಂದಿರ ವಯಸ್ಸು ಒಂದೇ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆರಂಭವಾದ ಮೇಲೆ ಬರಹದ ಕೆಲಸಕ್ಕೆ ಒಂದು ನೆಲೆ ಸಿಕ್ಕಿತು. ಧ್ವನಿಯ ಕೆಲಸ ಮಾತ್ರ ಇವತ್ತಿಗೂ ಹೆಚ್ಚಾಗಿ ಮನೆಯ ಹುಡುಗ ಹುಡುಗಿಯರ ಕೈಯಲ್ಲೇ ಇದೆ. ಆದ್ದರಿಂದ ವಯನಾಡಿನ ಮನೆಗೆ ಹೇಳುವ ಕ್ರಮ ಉಳ್ಳಾಲ, ವಿಟ್ಲ, ಮಡಿಕೇರಿಯ ಮನೆಗೂ ಸರಿಹೊಂದುತ್ತದೆ.

ಪ್ರಾಜೆಕ್ಟ್ ಫೈಲಿನೊಳಗೆ ಹಾಡು ಇರುವುದಿಲ್ಲ

ಮೊದಲು ಅರ್ಥವಾಗಬೇಕಾದ ಸಂಗತಿ ಇದು. ರೀಪರ್, ಕ್ಯೂಬೇಸ್, ಏಬಲ್‌ಟನ್, ಎಫ್‌ಎಲ್ ಸ್ಟುಡಿಯೊದಂತಹ ಸಾಫ್ಟ್‌ವೇರ್‌ನಲ್ಲಿ 'ಸೇವ್' ಒತ್ತಿದಾಗ ಒಂದು ಪ್ರಾಜೆಕ್ಟ್ ಫೈಲ್ ಆಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಹಾಡಿದ ಧ್ವನಿ ಇರುವುದಿಲ್ಲ. ಯಾವ ಧ್ವನಿ ಫೈಲ್ ಯಾವ ಫೋಲ್ಡರಿನಲ್ಲಿದೆ, ಅದನ್ನು ಎಲ್ಲಿಂದ ಎಲ್ಲಿಯವರೆಗೆ ನುಡಿಸಬೇಕು, ಎಷ್ಟು ಜೋರು ಇರಬೇಕು, ಯಾವ ಎಫೆಕ್ಟ್ ಹಾಕಬೇಕು ಎಂಬ ಪಟ್ಟಿ ಮಾತ್ರ ಇರುತ್ತದೆ. ರೀಪರಿನ ಪ್ರಾಜೆಕ್ಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಈ ಪಟ್ಟಿಯನ್ನು ಕಣ್ಣಾರೆ ಓದಬಹುದು.

ಮದುವೆಮನೆಯ ಅಡುಗೆಗೆ ಭಟ್ಟಾರಿ ಬರೆದುಕೊಡುವ ಸಾಮಾನಿನ ಚೀಟಿಗೆ ಇದನ್ನು ಹೋಲಿಸಬಹುದು. ಚೀಟಿ ಜೋಪಾನವಾಗಿದೆ, ಅಕ್ಕಿ ಮತ್ತು ಮಾಂಸ ಬೇರೆ ಕಡೆ ಹೋಗಿದೆ ಅಂದರೆ ಬಿರಿಯಾನಿ ಆಗುವುದಿಲ್ಲ.

ಒಂದು ಉದಾಹರಣೆ ನೋಡಿ. ಮೇಪ್ಪಾಡಿಯ ಕಾಲೇಜು ಹುಡುಗನೊಬ್ಬ ವಲ್ಯುಮ್ಮಳ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಾನೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಲ್ಯಾಪ್‌ಟಾಪಿಗೆ ಕಳುಹಿಸುತ್ತಾನೆ, ಡೌನ್‌ಲೋಡ್ ಫೋಲ್ಡರಿನಿಂದ ನೇರವಾಗಿ ಎಳೆದು ಪ್ರಾಜೆಕ್ಟಿಗೆ ಹಾಕುತ್ತಾನೆ. ದಫ್ ಧ್ವನಿ ಗೆಳೆಯನ ಪೆನ್‌ಡ್ರೈವ್‌ನಲ್ಲಿದೆ, ಅಲ್ಲಿಂದಲೇ ಎಳೆಯುತ್ತಾನೆ. ಅಂದು ಎಲ್ಲವೂ ಚೆನ್ನಾಗಿ ಕೇಳುತ್ತದೆ. ಪೆನ್‌ಡ್ರೈವ್ ಗೆಳೆಯನ ಜೊತೆ ಹೋಗುತ್ತದೆ. ಎರಡು ತಿಂಗಳ ನಂತರ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡುತ್ತಾನೆ. ಆರು ತಿಂಗಳ ನಂತರ ಪ್ರಾಜೆಕ್ಟ್ ತೆರೆದರೆ 'ಫೈಲ್ ಸಿಗುತ್ತಿಲ್ಲ' ಎಂಬ ಸಂದೇಶ. ಆ ಹೊತ್ತಿಗೆ ಹಾಡಿದ ವಲ್ಯುಮ್ಮ ಇಲ್ಲವೆಂದಾದರೆ ಮತ್ತೆ ರೆಕಾರ್ಡ್ ಮಾಡುವ ಮಾತೇ ಬರುವುದಿಲ್ಲ.

ಆಡಾಸಿಟಿ ಇದಕ್ಕೆ ಸ್ವಲ್ಪ ಭಿನ್ನ. 2021ರಲ್ಲಿ ಬಂದ ಅದರ 3.0 ಆವೃತ್ತಿಯಿಂದ ಧ್ವನಿಯೂ ಪ್ರಾಜೆಕ್ಟಿನ ಒಂದೇ ಫೈಲಿನೊಳಗೆ ಸೇರುತ್ತದೆ. ಅದಕ್ಕಿಂತ ಹಳೆಯ ಆಡಾಸಿಟಿಯಲ್ಲಿ ಪ್ರಾಜೆಕ್ಟ್ ಫೈಲಿನ ಪಕ್ಕದಲ್ಲಿ 'ಡೇಟಾ' ಎಂಬ ಫೋಲ್ಡರ್ ಇರುತ್ತಿತ್ತು. ಅದು ಬೇಡದ ಕಸ ಅಂತ ಅಳಿಸಿದವರು ಹಾಡನ್ನೇ ಅಳಿಸಿದಂತಾಯಿತು.

ಒಂದು ಹಾಡಿಗೆ ಒಂದು ಮನೆ

ಪರಿಹಾರ ಕಷ್ಟದ್ದಲ್ಲ. ಪ್ರತಿ ಹಾಡಿಗೂ ಒಂದು ಫೋಲ್ಡರ್, ಆ ಹಾಡಿಗೆ ಸೇರಿದ್ದೆಲ್ಲವೂ ಅದರೊಳಗೆ. ಹೊರಗಿನ ಯಾವ ಫೈಲನ್ನೂ ಪ್ರಾಜೆಕ್ಟ್ ಅವಲಂಬಿಸಬಾರದು. ಆ ಫೋಲ್ಡರಿನೊಳಗೆ ಆರು ಕೋಣೆಗಳಿದ್ದರೆ ಸಾಕು:

1. ಮೂಲ ಧ್ವನಿ: ಫೋನ್, ರೆಕಾರ್ಡರ್ ಅಥವಾ ಮೈಕಿನಿಂದ ಬಂದ ಫೈಲ್ ಹೇಗಿತ್ತೋ ಹಾಗೆಯೇ. ಇದರಲ್ಲಿ ಕತ್ತರಿಸುವುದು, ಶಬ್ದ ತೆಗೆಯುವುದು ಯಾವುದೂ ಇಲ್ಲ. ಕೆಲಸ ಮಾಡುವುದಿದ್ದರೆ ಅದರ ನಕಲಿನ ಮೇಲೆ.

2. ಪ್ರಾಜೆಕ್ಟ್: ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಫೈಲುಗಳು ಮತ್ತು ಅದು ಬಳಸುವ ಧ್ವನಿ ಫೈಲುಗಳು.

3. ಬಿಡಿ ಟ್ರ್ಯಾಕ್: ಮುಖ್ಯ ಗಾಯಕಿ, ಜೊತೆ ಹಾಡುವವರು, ದಫ್ ಹೀಗೆ ಪ್ರತಿಯೊಂದನ್ನೂ ಬೇರೆ ಬೇರೆ ವೇವ್ ಫೈಲ್ ಆಗಿ ತೆಗೆದಿಟ್ಟದ್ದು.

4. ಮಿಕ್ಸ್: ಪೂರ್ಣಗೊಂಡ ಹಾಡು. ಒಂದು ವೇವ್, ಹಂಚಲು ಒಂದು ಎಂಪಿ3.

5. ಸಾಹಿತ್ಯ: ಹಾಡಿನ ಬರಹ. ಹಳೆಯ ಮನೆಗಳಲ್ಲಿ ಅರಬಿ-ಮಲಯಾಳಂ ಲಿಪಿಯಲ್ಲಿ ಬರೆದ ಹಾಡಿನ ಪುಸ್ತಕ ಇದ್ದರೆ ಆ ಪುಟದ ಫೋಟೋ ಕೂಡ ಇಲ್ಲೇ. ಆ ಲಿಪಿ ಓದಬಲ್ಲವರು ಕಡಿಮೆಯಾಗುತ್ತಿರುವುದರಿಂದ ಪುಟ ಮತ್ತು ಧ್ವನಿ ಒಂದೇ ಕಡೆ ಇರುವುದು ಬಹಳ ಉಪಕಾರ.

6. ಟಿಪ್ಪಣಿ: ಒಂದು ಸಣ್ಣ ಪಠ್ಯ ಫೈಲ್. ಇದರ ಬಗ್ಗೆ ಮುಂದೆ.

ಬಿಡಿ ಟ್ರ್ಯಾಕ್‌ಗಳನ್ನು ತೆಗೆಯುವಾಗ ಒಂದು ಎಚ್ಚರ ಬೇಕು. ಎಲ್ಲ ಟ್ರ್ಯಾಕ್‌ಗಳೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಆರಂಭವಾಗಬೇಕು. ದಫ್ ಮೂವತ್ತನೇ ಸೆಕೆಂಡಿನಲ್ಲಿ ಬರುವುದಾದರೂ ಮೊದಲ ಮೂವತ್ತು ಸೆಕೆಂಡು ಮೌನ ಇರಲಿ. ಹಾಗಿದ್ದರೆ ಹತ್ತು ವರ್ಷದ ನಂತರ ಆ ಸಾಫ್ಟ್‌ವೇರ್ ಇಲ್ಲದಿದ್ದರೂ ಬೇರೆ ಯಾವುದರಲ್ಲಾದರೂ ಎಲ್ಲವನ್ನೂ ಒಟ್ಟಿಗೆ ಸಾಲಾಗಿ ಇಟ್ಟರೆ ಹಾಡು ಸರಿಯಾಗಿ ಕೂಡಿಕೊಳ್ಳುತ್ತದೆ. ನಮ್ಮ ಸಮುದಾಯದಲ್ಲಿ ಇದಕ್ಕೆ ಇನ್ನೊಂದು ಉಪಯೋಗವೂ ಉಂಟು. ವಾದ್ಯ ಬೇಡ, ಕಂಠ ಮಾತ್ರ ಸಾಕು ಎನ್ನುವ ಮನೆಗಳಿವೆ, ದಫ್ ಇರಲಿ ಎನ್ನುವ ಮನೆಗಳೂ ಇವೆ. ಬಿಡಿ ಟ್ರ್ಯಾಕ್ ಇದ್ದರೆ ಒಂದೇ ರೆಕಾರ್ಡಿಂಗ್‌ನಿಂದ ಎರಡನ್ನೂ ಕೊಡಬಹುದು.

ಸಾಫ್ಟ್‌ವೇರ್‌ನಲ್ಲೇ ಇರುವ ಸೌಲಭ್ಯ

ಎಲ್ಲವನ್ನೂ ಕೈಯಾರೆ ಜೋಡಿಸಬೇಕಾಗಿಲ್ಲ. ರೀಪರಿನಲ್ಲಿ 'ಸೇವ್ ಆ್ಯಸ್' ಮಾಡುವಾಗ ಪ್ರಾಜೆಕ್ಟಿಗೆ ಪ್ರತ್ಯೇಕ ಫೋಲ್ಡರ್ ಮಾಡು, ಎಲ್ಲ ಧ್ವನಿ ಫೈಲುಗಳನ್ನು ಅದರೊಳಗೆ ನಕಲು ಮಾಡು ಎಂಬ ಎರಡು ಆಯ್ಕೆಗಳು ಕೆಳಗೆ ಇರುತ್ತವೆ. ಎರಡಕ್ಕೂ ಟಿಕ್ ಹಾಕಿದರೆ ಡೌನ್‌ಲೋಡ್ ಫೋಲ್ಡರಿನಲ್ಲಿದ್ದುದೂ ಪೆನ್‌ಡ್ರೈವ್‌ನಲ್ಲಿದ್ದುದೂ ಒಂದೇ ಕಡೆ ಬಂದು ಸೇರುತ್ತದೆ. ಏಬಲ್‌ಟನ್ ಲೈವ್‌ನಲ್ಲಿ 'ಕಲೆಕ್ಟ್ ಆಲ್ ಆ್ಯಂಡ್ ಸೇವ್', ಕ್ಯೂಬೇಸ್‌ನಲ್ಲಿ 'ಬ್ಯಾಕಪ್ ಪ್ರಾಜೆಕ್ಟ್', ಎಫ್‌ಎಲ್ ಸ್ಟುಡಿಯೊದಲ್ಲಿ ಜಿಪ್ ಆಗಿ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಇದೇ ಕೆಲಸ ಮಾಡುತ್ತವೆ.

ಮುಖ್ಯವಾದ ಅಭ್ಯಾಸ ಏನೆಂದರೆ, ರೆಕಾರ್ಡ್ ಬಟನ್ ಒತ್ತುವ ಮೊದಲೇ ಪ್ರಾಜೆಕ್ಟಿಗೆ ಹೆಸರಿಟ್ಟು ಸೇವ್ ಮಾಡುವುದು. ಹೆಸರಿಡದ ಪ್ರಾಜೆಕ್ಟಿನಲ್ಲಿ ಹಾಡಿದರೆ ಫೈಲ್ ಎಲ್ಲಿಗೆ ಹೋಯ್ತು ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದ ಊರಿನಲ್ಲಿ ತಾನಾಗಿ ಸೇವ್ ಆಗುವ ಆಯ್ಕೆಯನ್ನು ಐದು ನಿಮಿಷಕ್ಕೊಮ್ಮೆ ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ಹೆಸರಿನಲ್ಲೇ ಅರ್ಧ ಕೆಲಸ

'ನ್ಯೂ', 'ಫೈನಲ್', 'ಫೈನಲ್ ನ್ಯೂ', 'ಫೈನಲ್ ಒರಿಜಿನಲ್'. ಹೀಗೆ ನಾಲ್ಕು ಫೈಲ್ ಇದ್ದರೆ ಯಾವುದು ಕೊನೆಯದು ಅಂತ ಹೆಸರಿಟ್ಟವನಿಗೂ ಗೊತ್ತಾಗುವುದಿಲ್ಲ. ಹೆಸರಿಗೆ ಒಂದು ನಿಯಮ ಸಾಕು: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ನಂತರ ಹಾಡು, ಹಾಡಿದವರು, ಕೊನೆಗೆ ಆವೃತ್ತಿಯ ಸಂಖ್ಯೆ. ಉದಾಹರಣೆಗೆ '2025-01-12_ಮೈಲಾಂಜಿ_ವಲ್ಯುಮ್ಮ_03'. ವರ್ಷ ಮೊದಲು ಬಂದರೆ ಕಂಪ್ಯೂಟರ್ ತಾನೇ ಫೈಲುಗಳನ್ನು ಕಾಲಕ್ರಮದಲ್ಲಿ ಜೋಡಿಸಿ ತೋರಿಸುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳ ಹನ್ನೆರಡನೇ ತಾರೀಕುಗಳೂ ಒಂದೇ ಕಡೆ ಗುಂಪುಗೂಡುತ್ತವೆ.

ಸಂಖ್ಯೆಯನ್ನು 1, 2 ಎನ್ನದೆ 01, 02 ಎಂದು ಬರೆಯಬೇಕು. ಇಲ್ಲದಿದ್ದರೆ ಕೆಲವು ಸಾಫ್ಟ್‌ವೇರ್‌ಗಳು 10ನ್ನು 2ಕ್ಕಿಂತ ಮೊದಲು ತೋರಿಸುತ್ತವೆ. ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ, ಎರಡು ಚುಕ್ಕಿಯ ಚಿಹ್ನೆ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಹೆಸರನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವುದು ಸುರಕ್ಷಿತ. ಕನ್ನಡ, ಮಲಯಾಳಂ, ಅರಬಿ ಅಕ್ಷರದ ಹೆಸರುಗಳಿದ್ದರೆ ಕೆಲವು ಹಳೆಯ ಪ್ಲಗಿನ್‌ಗಳು ಫೈಲನ್ನು ಗುರುತಿಸುವುದಿಲ್ಲ. ಪೂರ್ತಿ ಹೆಸರನ್ನು ನಮ್ಮ ಭಾಷೆಯಲ್ಲಿ ಟಿಪ್ಪಣಿಯಲ್ಲಿ ಬರೆದಿಟ್ಟರಾಯಿತು.

ಎಷ್ಟು ಜಾಗ ಬೇಕು?

ಧ್ವನಿ ದಾಖಲೆ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ ಸಂರಕ್ಷಣೆಗಾಗಿ ಶಿಫಾರಸು ಮಾಡುವ ಕನಿಷ್ಠ ಮಟ್ಟ 24 ಬಿಟ್, 48 ಕಿಲೋಹರ್ಟ್ಸ್. ಮನೆಯ ರೆಕಾರ್ಡಿಂಗಿಗೂ ಅದು ಒಳ್ಳೆಯ ಅಳತೆ. ಈ ಲೆಕ್ಕದಲ್ಲಿ ಒಂದು ಮೈಕಿನ ಒಂದು ನಿಮಿಷದ ಧ್ವನಿಗೆ ಸುಮಾರು 8.6 ಎಂಬಿ ಬೇಕು. ಐದು ನಿಮಿಷದ ಹಾಡಿಗೆ ಎಂಟು ಟ್ರ್ಯಾಕ್ ಇದ್ದರೆ ಸುಮಾರು 345 ಎಂಬಿ. ಒಂದೊಂದನ್ನು ಮೂರು ಸಲ ಹಾಡಿಸಿದರೆ ಒಂದು ಹಾಡಿಗೆ ಒಂದು ಜಿಬಿ ಅಂತ ಇಟ್ಟುಕೊಳ್ಳಬಹುದು. ಗೂಗಲ್ ಡ್ರೈವ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಇಮೇಲ್, ಫೋಟೋಗಳಿಗೂ ಪಾಲು ಇರುವುದರಿಂದ ಎಲ್ಲವನ್ನೂ ಅಲ್ಲಿ ಇಡಲು ಸಾಧ್ಯವಿಲ್ಲ. ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಾದರೆ ಹತ್ತಿರ ಹತ್ತಿರ ಸಾವಿರ ಹಾಡು ಹಿಡಿಯುತ್ತದೆ.

ಅದೇ ಐದು ನಿಮಿಷದ ಹಾಡು 128 ಕೆಬಿಪಿಎಸ್ ಎಂಪಿ3 ಆದಾಗ 5 ಎಂಬಿಯಷ್ಟೂ ಇರುವುದಿಲ್ಲ. ಕೇಳಲು ಅದು ಸಾಕು, ಮೂಲವಾಗಿ ಇಡಲು ಸಾಲದು. ಎಂಪಿ3 ಮಾಡುವಾಗ ಬಿಟ್ಟುಹೋದ ಧ್ವನಿ ಮತ್ತೆ ಬರುವುದಿಲ್ಲ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಕೂಡ ಹೀಗೆಯೇ ಧ್ವನಿಯನ್ನು ಕುಗ್ಗಿಸುತ್ತದೆ. ಬೇರೆ ದಾರಿ ಇಲ್ಲದೆ ವಾಟ್ಸ್‌ಆ್ಯಪ್‌ನಲ್ಲೇ ಕಳುಹಿಸುವುದಾದರೆ 'ಡಾಕ್ಯುಮೆಂಟ್' ಎಂಬ ಆಯ್ಕೆಯಲ್ಲಿ ಕಳುಹಿಸಬೇಕು. 2 ಜಿಬಿವರೆಗಿನ ಫೈಲ್ ಇದ್ದ ಹಾಗೆಯೇ ಹೋಗುತ್ತದೆ.

ಟಿಪ್ಪಣಿ ಮತ್ತು ಅನುಮತಿ

ಫೋಲ್ಡರಿನ ಆರನೇ ಕೋಣೆಯ ಟಿಪ್ಪಣಿಯನ್ನು ಬರೆಯಲು ಹತ್ತು ನಿಮಿಷ ಸಾಕು. ಹಾಡಿದವರ ಹೆಸರು, ವಯಸ್ಸು, ಊರು. ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು. ಎಲ್ಲಿ, ಯಾವ ದಿನ ರೆಕಾರ್ಡ್ ಆಯಿತು, ಯಾವ ಫೋನ್ ಅಥವಾ ಮೈಕ್ ಬಳಸಲಾಯಿತು. ಈಗ ಅರ್ಥವಾಗದ ಪದ ಇದ್ದರೆ ಹಾಡಿದವರ ಬಾಯಿಂದಲೇ ಅರ್ಥ ಕೇಳಿ ಬರೆಯಬೇಕು. ಮೊಮ್ಮಗನಿಗೆ ಇವತ್ತು ಎಲ್ಲವೂ ನೆನಪಿದೆ. ಅವನ ಮಗನಿಗೆ ಇರುವುದಿಲ್ಲ.

ಅನುಮತಿಯ ಮಾತು ಇದಕ್ಕಿಂತ ಮುಖ್ಯ. ಮನೆಯ ಹೆಣ್ಣುಮಕ್ಕಳು ಮನೆಯವರ ಎದುರು ಹಾಡುತ್ತಾರೆ, ಊರೆಲ್ಲ ಕೇಳುವುದು ಅವರಿಗೆ ಇಷ್ಟ ಇಲ್ಲದಿರಬಹುದು. ಆದಿವಾಸಿ ಸಮುದಾಯಗಳಲ್ಲಿ ಆಚರಣೆಯ ಸಮಯದಲ್ಲಿ ಮಾತ್ರ ಹಾಡುವ ಹಾಡುಗಳಿರುತ್ತವೆ. ಆದ್ದರಿಂದ 'ಕುಟುಂಬಕ್ಕೆ ಮಾತ್ರ', 'ಊರವರು ಕೇಳಬಹುದು', 'ಯೂಟ್ಯೂಬಿಗೆ ಹಾಕಬಹುದು' ಇವುಗಳಲ್ಲಿ ಹಾಡಿದವರು ಒಪ್ಪಿದ್ದು ಯಾವುದು ಅಂತ ಕೇಳಿ, ಉತ್ತರವನ್ನು ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆಯಬೇಕು. ಅವರ ಒಪ್ಪಿಗೆಯ ಮಾತನ್ನು ರೆಕಾರ್ಡಿಂಗ್‌ನ ಆರಂಭದಲ್ಲೇ ಸೇರಿಸಿಕೊಂಡರೆ ಇನ್ನೂ ಉತ್ತಮ. ನಾಳೆ ಫೋಲ್ಡರ್ ಯಾರ ಕೈಗೆ ಹೋದರೂ ಆ ಅಮಾನತ್ ಅದರ ಜೊತೆಗೇ ಹೋಗುತ್ತದೆ.

ಒಂದು ಪ್ರತಿ ಘಟ್ಟದ ಕೆಳಗೆ

ಫೋಲ್ಡರ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಒಂದೇ ಕಡೆ ಇದ್ದರೆ ಪ್ರಯೋಜನ ಇಲ್ಲ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ '3-2-1' ಎಂಬ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ.

ದೊಡ್ಡವರ ಮನೆಯಲ್ಲೂ ಈ ಪಾಠ ತಡವಾಗಿಯೇ ಗೊತ್ತಾದದ್ದು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣಕ್ಕೆ ಬೆಂಕಿ ಬಿದ್ದಾಗ ಅಲ್ಲಿನ ಗೋದಾಮಿನಲ್ಲಿದ್ದ ಹಾಡುಗಳ ಮೂಲ ಟೇಪುಗಳು ಸುಟ್ಟುಹೋದವು. ನಷ್ಟದ ಗಾತ್ರ ಎಷ್ಟಿರಬಹುದು ಎಂಬ ವರದಿ ಹೊರಬಂದದ್ದು 2019ರಲ್ಲಿ.

ವಯನಾಡಿನ ಮನೆಗೆ ಈ ನಿಯಮ ಹೀಗೆ ಹೊಂದುತ್ತದೆ. ಮೊದಲ ಪ್ರತಿ ಕೆಲಸ ಮಾಡುವ ಲ್ಯಾಪ್‌ಟಾಪಿನಲ್ಲಿ. ಎರಡನೆಯದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಕೆಲಸ ಮುಗಿದ ಮೇಲೆ ತಂತಿ ಕಳಚಿಟ್ಟು. ಸದಾ ಸಿಕ್ಕಿಸಿಟ್ಟರೆ ಸಿಡಿಲಿಗೆ ಎರಡೂ ಒಟ್ಟಿಗೆ ಹೋಗಬಹುದು. ಲಕ್ಕಿಡಿಯಂತಹ ಭಾರೀ ಮಳೆಯ ಕಡೆ ತೇವವೂ ಶತ್ರು. ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಮೂರನೆಯ ಪ್ರತಿ ತಾಮರಶ್ಶೇರಿ ಘಾಟಿಯ ಕೆಳಗೆ ಕೋಝಿಕ್ಕೋಡಿನಲ್ಲಿರುವ ಮಾಮನ ಮನೆಯಲ್ಲೋ, ಮಂಗಳೂರಿನಲ್ಲಿ ಓದುವ ತಂಗಿಯ ಬಳಿಯೋ, ಗಲ್ಫಿನಲ್ಲಿರುವ ಅಣ್ಣನ ಬಳಿಯೋ ಇರಲಿ. ನೆಂಟರಿಲ್ಲದ ಊರೇ ಇಲ್ಲ ಎಂಬುದು ನಮ್ಮ ಕುಟುಂಬಗಳ ದೊಡ್ಡ ಆಸ್ತಿ. ಈದ್‌ಗೆ ಬಂದವರ ಕೈಯಲ್ಲಿ ಒಂದು ಡಿಸ್ಕ್ ಕೊಟ್ಟು ಹಳೆಯದನ್ನು ವಾಪಸ್ ತೆಗೆದುಕೊಂಡರೆ ವರ್ಷಕ್ಕೆ ಎರಡು ಸಲ ಪ್ರತಿ ಹೊಸದಾಗುತ್ತದೆ. ಹೆಚ್ಚು ಬೆಲೆಬಾಳುವ ಮೂಲ ಧ್ವನಿಯನ್ನೂ ಟಿಪ್ಪಣಿಯನ್ನೂ ಮಾತ್ರ ಕ್ಲೌಡ್‌ಗೆ ಹಾಕಿದರೆ ಉಚಿತ ಜಾಗವೇ ಬಹಳ ದಿನ ಸಾಕಾಗುತ್ತದೆ.

ಹಳೆಯ ರಾಶಿಯನ್ನು ಏನು ಮಾಡುವುದು?

ಐದಾರು ವರ್ಷದ ಫೈಲುಗಳ ರಾಶಿ ನೋಡಿ ಗಾಬರಿಯಾಗಬೇಕಾಗಿಲ್ಲ. ಮೊದಲು ಏನನ್ನೂ ಅಳಿಸದೆ ಎಲ್ಲವನ್ನೂ 'ಹಳೆಯದು' ಎಂಬ ಒಂದು ಫೋಲ್ಡರಿಗೆ ನಕಲು ಮಾಡಿ, ಅದರದ್ದೊಂದು ಪ್ರತಿ ಬೇರೆ ಡಿಸ್ಕಿಗೆ ಹಾಕಿ. ಆಮೇಲೆ ವಾರಕ್ಕೆ ಒಂದು ಹಾಡಿನಂತೆ ತೆರೆದು ನೋಡಿ. ಪ್ರಾಜೆಕ್ಟ್ ಫೈಲ್ ಎಲ್ಲವನ್ನೂ ಹುಡುಕಿಕೊಂಡರೆ ಕೂಡಲೇ ಒಟ್ಟುಗೂಡಿಸಿ ಸೇವ್ ಮಾಡಿ. ಫೈಲ್ ಸಿಗುತ್ತಿಲ್ಲ ಎಂದರೆ ಹಳೆಯ ಫೋನ್, ಮೆಮೊರಿ ಕಾರ್ಡ್, ಕಳುಹಿಸಿದವರ ವಾಟ್ಸ್‌ಆ್ಯಪ್ ಹುಡುಕಿ. ಯಾರ ಹಾಡಿನಿಂದ ಶುರು ಮಾಡಬೇಕು ಎಂಬುದಕ್ಕೆ ಉತ್ತರ ಸುಲಭ: ಮನೆಯಲ್ಲಿ ಅತ್ಯಂತ ಹಿರಿಯರು ಹಾಡಿದ್ದರಿಂದ, ಅಥವಾ ಈಗ ನಮ್ಮ ಜೊತೆ ಇಲ್ಲದವರು ಹಾಡಿದ್ದರಿಂದ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಬೇಕು. ಆ ಫೋಲ್ಡರನ್ನು ಬೇರೆಯವರ ಕಂಪ್ಯೂಟರಿಗೆ ಹಾಕಿ, ರೆಕಾರ್ಡ್ ಮಾಡಿದವನು ಪಕ್ಕದಲ್ಲಿ ನಿಂತು ಏನನ್ನೂ ಹೇಳಿಕೊಡದೆ, ಇನ್ನೊಬ್ಬರಿಗೆ ತೆರೆಯಲು ಬಿಡಬೇಕು. ಯಾರು ಹಾಡಿದ್ದು, ಯಾವಾಗ, ಯಾವುದು ಮೂಲ, ಯಾವುದು ಕೊನೆಯ ಮಿಕ್ಸ್ ಎಂಬುದು ಅವರಿಗೆ ಗೊತ್ತಾಗಿ, ಹಾಡು ಕೇಳಿಸಿದರೆ ಕೆಲಸ ಸರಿಯಾಗಿದೆ ಎಂದರ್ಥ. ಕೇಳಿಸದಿದ್ದರೆ ಸರಿಪಡಿಸಲು ಇನ್ನೂ ಸಮಯ ಇದೆ. ಹಾಡಿದವರು ಇರುವಾಗಲೇ ಆ ಪರೀಕ್ಷೆ ಆಗಿಬಿಡಬೇಕು.